ರಾತ್ರಿ ಎರಡೂವರೆಯ ಕೆಲಸ

2017ರ ಜನವರಿ 31ರ ರಾತ್ರಿ ತಂತ್ರಾಂಶಗಳ ಕೋಡ್ ಇಟ್ಟುಕೊಳ್ಳುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ಎರಡು ಡೇಟಾಬೇಸ್ ಸರ್ವರ್‌ಗಳ ನಡುವೆ ಹೆಣಗುತ್ತಿದ್ದರು. ಒಂದು ಮುಖ್ಯ ಸರ್ವರ್, ಇನ್ನೊಂದು ಅದರ ಜೋಡಿ. ಮುಖ್ಯದಲ್ಲಿ ಆದ ಬದಲಾವಣೆಯೆಲ್ಲ ಆಗಿಂದಾಗ್ಗೆ ಜೋಡಿಗೂ ಹೋಗಿ ಸೇರಬೇಕು. ಹೊರೆ ವಿಪರೀತವಾಗಿ ಆ ಹರಿವು ನಿಂತುಹೋಗಿತ್ತು. ಜೋಡಿ ಸರ್ವರ್‌ನ ಡೇಟಾ ಫೋಲ್ಡರ್ ಅಳಿಸಿ ಹೊಸದಾಗಿ ನಕಲು ಶುರು ಮಾಡೋಣವೆಂದು ಅವರು ಅಳಿಸುವ ಕಮಾಂಡ್ ಕೊಟ್ಟರು. ಅದು ಓಡಿದ್ದು ಮುಖ್ಯ ಸರ್ವರ್‌ನಲ್ಲಿ. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ತಡೆದರು. ಅಷ್ಟರಲ್ಲಿ ಸುಮಾರು 300 ಜಿಬಿ ಪೈಕಿ 4.5 ಜಿಬಿಯಷ್ಟೇ ಉಳಿದಿತ್ತು.

ದಣಿದ ರಾತ್ರಿಯಲ್ಲಿ ಇಂಥ ಕೈತಪ್ಪು ಯಾರಿಂದಲೂ ಆಗಬಹುದು. ಆಮೇಲೆ ಬಯಲಾದದ್ದನ್ನು ಮಾತ್ರ ಸರ್ವರ್ ಇಟ್ಟುಕೊಂಡ ಪ್ರತಿಯೊಬ್ಬರೂ ತಿಳಿದಿರಬೇಕು. ಕಂಪನಿಯ ಬಳಿ ನಕಲು ಉಳಿಸುವ ದಾರಿ ಒಂದಲ್ಲ, ಐದಿದ್ದವು. ಕಷ್ಟಕಾಲಕ್ಕೆ ಒಂದೂ ನೆಟ್ಟಗೆ ಒದಗಲಿಲ್ಲ. ಅವುಗಳಲ್ಲಿ ದಿನಕ್ಕೊಮ್ಮೆ ತಾನಾಗಿ ಡೇಟಾಬೇಸ್‌ನ ಪ್ರತಿ ತೆಗೆದು ಅಮೆಜಾನ್‌ನ ಎಸ್‌3 ಸಂಗ್ರಹಕ್ಕೆ ಕಳಿಸುವ ವ್ಯವಸ್ಥೆಯೂ ಒಂದು. ತೆರೆದು ನೋಡಿದರೆ ಸಂಗ್ರಹ ಖಾಲಿ. ಸರ್ವರ್‌ನಲ್ಲಿದ್ದದ್ದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 9.6ನೇ ಆವೃತ್ತಿ, ಪ್ರತಿ ತೆಗೆಯಲು ಓಡುತ್ತಿದ್ದದ್ದು 9.2ರ ಪಿಜಿಡಂಪ್. ಹಳೆಯ ಡಂಪ್ ಹೊಸ ಡೇಟಾಬೇಸನ್ನು ಓದಲೊಪ್ಪದೆ ಪ್ರತಿ ಸಲವೂ ತಪ್ಪು ತೋರಿಸಿ ನಿಲ್ಲುತ್ತಿತ್ತು. ಆ ತಪ್ಪಿನ ಸುದ್ದಿ ಇಮೇಲ್‌ನಲ್ಲಿ ಹೊರಡುತ್ತಲೂ ಇತ್ತು. ಆದರೆ ಆ ಇಮೇಲ್‌ಗಳಿಗೆ ಕಳಿಸಿದವರು ಯಾರೆಂದು ಖಾತರಿಪಡಿಸುವ ಸಹಿ ಇರಲಿಲ್ಲವಾಗಿ, ಮೇಲ್ ವ್ಯವಸ್ಥೆಯೇ ಅವನ್ನು ಬಾಗಿಲಲ್ಲಿ ತಿರಸ್ಕರಿಸುತ್ತಿತ್ತು. ಯಂತ್ರ ದೂರು ಹೇಳುತ್ತಿತ್ತು, ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಕೊನೆಗೆ ಕಾಪಾಡಿದ್ದು ಆಕಸ್ಮಿಕ. ಅವಘಡಕ್ಕೆ ಸುಮಾರು ಆರು ಗಂಟೆ ಮೊದಲು ಬೇರಾವುದೋ ಪ್ರಯೋಗಕ್ಕೆಂದು ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಪರೀಕ್ಷಾ ಸರ್ವರ್‌ನಲ್ಲಿತ್ತು. ಅದರಿಂದ ಎಲ್ಲವನ್ನೂ ಮರಳಿ ಕಟ್ಟಿದರು. ಅಷ್ಟಾದರೂ ಆ ಆರು ಗಂಟೆಗಳಲ್ಲಿ ಸೇರಿದ್ದ ಸುಮಾರು 5,000 ಪ್ರಾಜೆಕ್ಟ್‌ಗಳ ವಿವರ, 5,000 ಟಿಪ್ಪಣಿಗಳು, 700ರಷ್ಟು ಹೊಸ ಖಾತೆಗಳು ಹೋದವು. ದುರಸ್ತಿ ಕೆಲಸವನ್ನು ಅವರು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿದರು. ಆಗಿದ್ದೇನು, ಯಾಕಾಯಿತು ಎಂಬ ವರದಿಯನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಈ ಕ್ಷೇತ್ರದಲ್ಲಿ ಅದಕ್ಕಿಂತ ಒಳ್ಳೆಯ ಪಾಠಪುಸ್ತಕ ನನಗೆ ಗೊತ್ತಿಲ್ಲ.

ಗಿಟ್‌ಲ್ಯಾಬ್‌ನ ಗೊಡವೆ ನಮಗೇಕೆ ಎನ್ನುವವರು ನಮ್ಮ ಡಿಗ್ರಿ ಕಾಲೇಜುಗಳ ಗ್ರಂಥಾಲಯಕ್ಕೆ ಹೋಗಿ ನೋಡಬೇಕು. ಕರ್ನಾಟಕದ ಎಷ್ಟೋ ಕಾಲೇಜು ಗ್ರಂಥಾಲಯಗಳು ಇಂದು ಕೋಹಾ ಎಂಬ ಮುಕ್ತ ತಂತ್ರಾಂಶದ ಮೇಲೆ ನಡೆಯುತ್ತಿವೆ. 2000ದಲ್ಲಿ ನ್ಯೂಜಿಲೆಂಡಿನ ಒಂದು ಗ್ರಂಥಾಲಯ ಸಂಸ್ಥೆಯಲ್ಲಿ ಮೊದಲು ಬಳಕೆಗೆ ಬಂದದ್ದು ಅದು. ದುಡ್ಡು ಕೊಡಬೇಕಾಗಿಲ್ಲ, ಕನ್ನಡ ಶೀರ್ಷಿಕೆಗಳನ್ನು ಕನ್ನಡದಲ್ಲೇ ದಾಖಲಿಸಬಹುದು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಗ್ರಂಥಾಲಯ ಗಣಕೀಕೃತವೆಂದು ತೋರಿಸಬಹುದು. ಮೂಲೆಯಲ್ಲೊಂದು ಸಿಪಿಯು, ಅದರಲ್ಲಿ ಉಬುಂಟು ಅಥವಾ ಡೆಬಿಯನ್ ಲಿನಕ್ಸ್, ಅದರೊಳಗೆ ಮರಿಯಾಡಿಬಿ ಡೇಟಾಬೇಸ್. ಪುಸ್ತಕಗಳ ಅಕ್ಸೆಶನ್ ನಂಬರ್, ಯಾವ ವಿದ್ಯಾರ್ಥಿಯ ಬಳಿ ಯಾವ ಪುಸ್ತಕ ಇದೆ, ಯಾರ ದಂಡ ಬಾಕಿ, ಯಾರಿಗೆ ಬಾಕಿಯಿಲ್ಲವೆಂಬ ನೋ ಡ್ಯೂ ಪತ್ರ ಕೊಟ್ಟಾಗಿದೆ ಎಲ್ಲವೂ ಆ ಪೆಟ್ಟಿಗೆಯಲ್ಲಿ. ಹತ್ತಿಪ್ಪತ್ತು ಸಾವಿರ ಪುಸ್ತಕಗಳ ವಿವರವನ್ನು ಒಂದೊಂದಾಗಿ ಟೈಪ್ ಮಾಡಿ ಏರಿಸಲು ಸಿಬ್ಬಂದಿಗೆ ವರ್ಷಗಳೇ ಹಿಡಿದಿರುತ್ತವೆ. ಆ ದುಡಿಮೆಯ ಬೆಲೆ ಸಿಪಿಯುವಿನ ಬೆಲೆಯಲ್ಲಿ ಸೇರಿರುವುದಿಲ್ಲ.

ಕೋಹಾವನ್ನು ಡೆಬಿಯನ್ ಪ್ಯಾಕೇಜ್ ಮೂಲಕ ಹಾಕಿಕೊಂಡವರಿಗೆ ಒಂದು ನೆಮ್ಮದಿ ಉಂಟು: ಅದು ದಿನಕ್ಕೊಮ್ಮೆ ತನ್ನ ಡೇಟಾಬೇಸ್‌ನ ಪ್ರತಿಯನ್ನು ತಾನೇ ತೆಗೆಯುತ್ತದೆ. ಆದರೆ ಅದೇ ಡಿಸ್ಕಿನಲ್ಲಿ ಇಡುತ್ತದೆ, ನಾವಾಗಿ ಬದಲಿಸದಿದ್ದರೆ ಎರಡು ದಿನದ ಪ್ರತಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಶುಕ್ರವಾರ ಸಂಜೆ ಯಾರೋ ತಪ್ಪಿ ಒಂದು ವಿಭಾಗದ ದಾಖಲೆಗಳನ್ನೆಲ್ಲ ಅಳಿಸಿದರು ಎನ್ನಿ. ಮಾರನೆಯ ದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮವಾರ ಬಾಗಿಲು ತೆಗೆದು ನೋಡುವ ಹೊತ್ತಿಗೆ ಉಳಿದಿರುವ ಪ್ರತಿಗಳೆಲ್ಲ ಅಳಿಸಿದ ಮೇಲಿನವೇ. ಡಿಸ್ಕ್ ಕೆಟ್ಟರಂತೂ ಮೂಲವೂ ಹೋಯಿತು, ಪ್ರತಿಯೂ ಹೋಯಿತು.

ಹಾಗಾಗಿ ನಮ್ಮದೇ ಸ್ಕ್ರಿಪ್ಟ್ ಬೇಕು. ಸ್ಕ್ರಿಪ್ಟ್ ಎಂದರೆ ಮತ್ತೇನಲ್ಲ, ನಾವು ಕೂತು ಟೈಪ್ ಮಾಡುತ್ತಿದ್ದ ಕಮಾಂಡ್‌ಗಳನ್ನು ಒಂದು ಫೈಲಿನಲ್ಲಿ ಸಾಲಾಗಿ ಬರೆದಿಡುವುದು. ಡೇಟಾಬೇಸನ್ನು ಮೈಎಸ್‌ಕ್ಯೂಎಲ್‌ಡಂಪ್ ಮೂಲಕ ಹೊರತೆಗೆ, ಜಿಜಿಪ್‌ನಿಂದ ಕುಗ್ಗಿಸು, ಹೆಸರಿನಲ್ಲಿ ತಾರೀಕು ಸೇರಿಸು, ಬೇರೆ ಯಂತ್ರಕ್ಕೆ ಕಳಿಸು, ಹಳೆಯದನ್ನು ತೆಗೆ. ಇಷ್ಟನ್ನು ಹೊತ್ತಿಗೆ ಸರಿಯಾಗಿ ಓಡಿಸಲು ಕ್ರಾನ್ ಇದೆ. 1979ರ ಯೂನಿಕ್ಸ್ 7ನೇ ಆವೃತ್ತಿಯಲ್ಲೇ ಅದು ಇತ್ತು. ಇವತ್ತಿನ ಬಹುಪಾಲು ಲಿನಕ್ಸ್‌ಗಳಲ್ಲಿರುವುದು 1987ರಲ್ಲಿ ಪಾಲ್ ವಿಕ್ಸಿ ಬರೆದದ್ದರ ವಂಶ. ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ ಎಂಬ ಐದು ಕಾಲಂ, ಆಮೇಲೆ ಕಮಾಂಡ್. ‘30 2 * * *’ ಎಂದು ಬರೆದರೆ ದಿನವೂ ರಾತ್ರಿ ಎರಡೂವರೆಗೆ ಕೆಲಸ ಶುರು. ನಾಲ್ಕು ದಶಕ ಕಳೆದರೂ ಈ ಸಾಲಿನ ವ್ಯಾಕರಣ ಬದಲಾಗಿಲ್ಲ. ನನಗೆ ಇದರ ಮೇಲೆ ದೊಡ್ಡ ಗೌರವವಿದೆ.

ಗೌರವವಿದ್ದರೂ ಕ್ರಾನ್‌ನ ಸ್ವಭಾವ ತಿಳಿದಿರಬೇಕು. ಯಂತ್ರ ಆಫ್ ಆಗಿದ್ದರೆ ಅದು ಆ ಹೊತ್ತಿನ ಕೆಲಸವನ್ನು ಮರೆತೇಬಿಡುತ್ತದೆ, ಬೆಳಗ್ಗೆ ಎದ್ದು ತೀರಿಸುವುದಿಲ್ಲ. ನಮ್ಮ ಗ್ರಂಥಾಲಯಗಳಲ್ಲಿ ಸಂಜೆ ಐದಕ್ಕೆ ಫ್ಯಾನು, ಲೈಟಿನ ಜೊತೆ ಸರ್ವರ್‌ನ ಸ್ವಿಚ್ಚೂ ಆರುತ್ತದೆ. ಅಂಥಲ್ಲಿ ರಾತ್ರಿ ಎರಡೂವರೆ ಎಂದು ಬರೆದ ಸಾಲು ವರ್ಷವಿಡೀ ಒಮ್ಮೆಯೂ ಓಡದೆ ಇರಬಹುದು. ಮಧ್ಯಾಹ್ನ ಊಟದ ಹೊತ್ತಿಗೆ ಸಮಯ ಇಟ್ಟುಕೊಳ್ಳುವುದು ಒಂದು ಉಪಾಯ. ತಪ್ಪಿದ ಕೆಲಸವನ್ನು ಯಂತ್ರ ಎದ್ದಾಗ ಮಾಡಿಸುವ ಅನಾಕ್ರಾನ್ ಅಥವಾ ಸಿಸ್ಟಂಡಿ ಟೈಮರ್ ಬಳಸುವುದು ಇನ್ನೊಂದು. ಕ್ಲೌಡ್‌ನಲ್ಲಿ ಸರ್ವರ್ ಬಾಡಿಗೆಗೆ ಪಡೆದವರಿಗೆ ಬೇರೆ ತೊಡಕು. ಅಲ್ಲಿ ಗಡಿಯಾರ ಸಾಮಾನ್ಯವಾಗಿ ಜಾಗತಿಕ ಸಮಯವಾದ ಯುಟಿಸಿಯಲ್ಲಿರುತ್ತದೆ, ಸರ್ವರ್‌ನ ಎರಡೂವರೆ ಎಂದರೆ ನಮಗೆ ಬೆಳಗಿನ ಎಂಟು. ಇನ್ನೊಂದು ಸಣ್ಣ ಮುಳ್ಳು: ತಾರೀಕು ಬರೆಸಲು ಬಳಸುವ ಶೇಕಡಾ ಚಿಹ್ನೆಯನ್ನು ಕ್ರಾನ್ ‘ಇಲ್ಲಿಗೆ ಸಾಲು ಮುಗಿಯಿತು’ ಎಂದು ಅರ್ಥಮಾಡಿಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡಿದ ಕಮಾಂಡನ್ನು ಹಾಗೇ ಕ್ರಾನ್‌ನ ಪಟ್ಟಿಯಾದ ಕ್ರಾನ್‌ಟ್ಯಾಬ್‌ಗೆ ಅಂಟಿಸಿದಾಗ ಅರ್ಧಕ್ಕೇ ಮುರಿಯುವುದು ಇದರಿಂದ. ಕಮಾಂಡನ್ನು ಸ್ಕ್ರಿಪ್ಟ್ ಫೈಲಿನಲ್ಲಿಟ್ಟು, ಕ್ರಾನ್‌ಗೆ ಆ ಫೈಲಿನ ಪೂರ್ತಿ ವಿಳಾಸವನ್ನಷ್ಟೇ ಕೊಡುವುದು ಲೇಸು.

ಇವೆಲ್ಲ ಕಣ್ಣಿಗೆ ಬೀಳುವ ತೊಂದರೆಗಳು. ಕಣ್ಣಿಗೆ ಬೀಳದ್ದೊಂದಿದೆ, ಅದರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.

ಡಂಪ್‌ನಿಂದ ಹೊರಬಂದದ್ದನ್ನು ನೇರ ಜಿಜಿಪ್‌ಗೆ ಹರಿಸಲು ನಡುವೆ ಒಂದು ಪೈಪ್ ಹಾಕುತ್ತೇವೆ. ಒಂದು ದಿನ ಯಾರೋ ಡೇಟಾಬೇಸ್‌ನ ಪಾಸ್‌ವರ್ಡ್ ಬದಲಿಸುತ್ತಾರೆ. ಡಂಪ್ ಒಳಗೆ ಹೋಗಲಾಗದೆ ತಪ್ಪು ಹೇಳಿ ನಿಲ್ಲುತ್ತದೆ. ಜಿಜಿಪ್ ಮಾತ್ರ ತನಗೆ ಬಂದ ‘ಏನೂ ಇಲ್ಲ’ವನ್ನೇ ಶ್ರದ್ಧೆಯಿಂದ ಕುಗ್ಗಿಸಿ, ತಾರೀಕಿನ ಹೆಸರಿನ ಫೈಲ್ ಮಾಡಿಟ್ಟು, ‘ಕೆಲಸ ಯಶಸ್ವಿ’ ಎನ್ನುತ್ತದೆ. ಸ್ಕ್ರಿಪ್ಟನ್ನು ಓಡಿಸುವ ಬ್ಯಾಷ್ ಶೆಲ್ ಪೈಪಿನ ಕೊನೆಯವರ ಮಾತನ್ನೇ ನಂಬುವುದರಿಂದ ಸ್ಕ್ರಿಪ್ಟ್ ಕೂಡ ಯಶಸ್ವಿ. ಬ್ಯಾಕಪ್ ಫೋಲ್ಡರ್ ತೆರೆದರೆ ದಿನಕ್ಕೊಂದರಂತೆ ಫೈಲುಗಳು ನೀಟಾಗಿ ಕೂತಿರುತ್ತವೆ.

“ಸರ್, ನೋಡಿ, ದಿನಾ ಬ್ಯಾಕಪ್ ಆಗ್ತಿದೆ, ಒಂದು ದಿನಾನೂ ತಪ್ಪಿಲ್ಲ.”

“ಹೌದು ಮೇಡಂ, ಆದರೆ ಸೈಜ್ ನೋಡಿ. ಎಲ್ಲಾ ಇಪ್ಪತ್ತೇ ಬೈಟ್ ಇದಾವೆ.”

ಏನೂ ಇಲ್ಲದ್ದನ್ನು ಪೈಪ್ ಮೂಲಕ ಜಿಜಿಪ್‌ಗೆ ಕೊಟ್ಟರೆ ಸಿಗುವ ಫೈಲಿನ ಗಾತ್ರ ಸರಿಯಾಗಿ 20 ಬೈಟ್. ಅದರ ತಲೆಬರಹ, ಬಾಲಬರಹ, ನಡುವಿನ ಖಾಲಿ ತುಂಡು ಸೇರಿದ ಗಾತ್ರ ಅದು. ನಿಮ್ಮ ಫೋಲ್ಡರ್‌ನಲ್ಲಿ 20 ಬೈಟ್‌ನ ಫೈಲ್ ಕಂಡರೆ ಅದರೊಳಗೆ ಗ್ರಂಥಾಲಯ ಇಲ್ಲ. ತಡೆಯಲು ಸ್ಕ್ರಿಪ್ಟಿನ ಆರಂಭದಲ್ಲಿ ಒಂದೇ ಸಾಲು ಸಾಕು: ಪೈಪ್‌ಫೇಲ್ ಎಂಬ ಆಯ್ಕೆಯನ್ನು ಆನ್ ಮಾಡಿದರೆ ಪೈಪಿನಲ್ಲಿ ಯಾರೊಬ್ಬರು ಸೋತರೂ ಪೂರ್ತಿ ಸಾಲು ಸೋತಂತೆ. ಮುಗಿದ ಮೇಲೆ ಫೈಲಿನ ಗಾತ್ರವನ್ನು ನಿನ್ನೆಯದರ ಜೊತೆ ಹೋಲಿಸಿ, ಅರ್ಧಕ್ಕಿಳಿದಿದ್ದರೆ ಕೂಗುವಂತೆ ಬರೆದರೆ ಇನ್ನೂ ಒಳ್ಳೆಯದು. ಮೈಎಸ್‌ಕ್ಯೂಎಲ್‌ಡಂಪ್ ಪೂರ್ತಿ ಮುಗಿಸಿದಾಗ ಕೊನೆಯಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂಬ ಸಾಲು ಬರೆಯುತ್ತದೆ. ಆ ಸಾಲು ಇದೆಯೇ ಎಂದು ಸ್ಕ್ರಿಪ್ಟೇ ನೋಡಿಕೊಳ್ಳಬಹುದು. ಇಶ್ಯೂ–ರಿಟರ್ನ್ ನಡೆಯುತ್ತಿರುವಾಗಲೇ ಡಂಪ್ ತೆಗೆಯುವುದಾದರೆ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಬೇಕೇ ಬೇಕು. ಅದಿದ್ದರೆ ಇನ್ನೋಡಿಬಿ ಬಗೆಯ ಟೇಬಲ್‌ಗಳೆಲ್ಲ ಒಂದೇ ಕ್ಷಣದ ಸ್ಥಿತಿಯಲ್ಲಿ ಸಿಗುತ್ತವೆ.

ಕನ್ನಡದವರಿಗೆಂದೇ ಇರುವ ಅಪಾಯವೂ ಒಂದಿದೆ. ಯುಟಿಎಫ್-8 ಎಂಬ ಲಿಪಿಸಂಕೇತದಲ್ಲಿ ‘ಕ’ ಎಂಬುದು 3 ಬೈಟ್. ‘ಕ್ಷ’ ಎಂದರೆ ಕ, ಹಲಂತದ ಗುರುತು, ಷ ಸೇರಿ 9 ಬೈಟ್. ಡಂಪ್ ತೆಗೆಯುವಾಗಲೋ ಮರಳಿ ತುಂಬುವಾಗಲೋ ಲಿಪಿಸಂಕೇತವನ್ನು ಲ್ಯಾಟಿನ್-1 ಎಂದು ಇಟ್ಟುಬಿಟ್ಟಿದ್ದರೆ, ಆ ಸಂಕೇತದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದ ಕಾರಣ ಒಂದೊಂದು ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿ ಕೂರಬಹುದು. ಫೈಲಿನ ಗಾತ್ರ ಸುಮಾರಾಗಿ ಸರಿಯಿರುತ್ತದೆ, ಕೊನೆಯ ಸಾಲು ಸರಿಯಿರುತ್ತದೆ, ಇಂಗ್ಲಿಷ್ ಪುಸ್ತಕಗಳ ಹೆಸರು ಒಂದಕ್ಷರವೂ ಅಳಿಯದೆ ಇರುತ್ತದೆ. ಕನ್ನಡ ವಿಭಾಗದ ಕಪಾಟು ಪೂರ್ತಿ ‘?????’ ಆಗಿರುತ್ತದೆ. ಪ್ರಶ್ನಾರ್ಥಕವಾಗಿ ಬರೆದುಹೋದದ್ದನ್ನು ಮತ್ತೆ ಅಕ್ಷರ ಮಾಡುವ ವಿದ್ಯೆ ಯಾರ ಬಳಿಯೂ ಇಲ್ಲ, ಯಾವ ಅಕ್ಷರ ಇತ್ತೆಂಬ ಗುರುತೇ ಅಲ್ಲಿ ಉಳಿದಿರುವುದಿಲ್ಲ. ಪಠ್ಯಪುಸ್ತಕಗಳು ಹೋದರೆ ಇನ್ನೊಂದು ಗ್ರಂಥಾಲಯದ ಕ್ಯಾಟಲಾಗಿನಿಂದ ವಿವರ ಇಳಿಸಿಕೊಳ್ಳಬಹುದು. ಸ್ಥಳೀಯ ಪ್ರಕಾಶಕರ, ಊರಿನ ಕವಿಗಳ, ಸ್ಮರಣ ಸಂಚಿಕೆಗಳ ದಾಖಲೆ ಬೇರೆಲ್ಲೂ ಸಿಗದು. ಆದ್ದರಿಂದ ಲಿಪಿಸಂಕೇತವನ್ನು ಯುಟಿಎಫ್-8‌ಎಂಬಿ4 ಎಂದು ಸ್ಕ್ರಿಪ್ಟಿನಲ್ಲೇ ಬಾಯಿಬಿಟ್ಟು ಹೇಳಬೇಕು, ಯಂತ್ರದ ಊಹೆಗೆ ಬಿಡಬಾರದು.

ಹಳೆಯ ಪ್ರತಿಗಳನ್ನು ಅಳಿಸುವ ಸಾಲು ಸ್ಕ್ರಿಪ್ಟಿನಲ್ಲಿ ಅತ್ಯಂತ ಚಿಕ್ಕದು, ಅತ್ಯಂತ ಅಪಾಯದ್ದು. ‘ಏಳು ದಿನಕ್ಕಿಂತ ಹಳೆಯದನ್ನು ತೆಗೆ’ ಎಂದಷ್ಟೇ ಬರೆದವರು ಬಹಳ ಮಂದಿ. ಹೊಸ ಬ್ಯಾಕಪ್ ಎಂಟು ದಿನ ಕೆಟ್ಟು ನಿಂತರೂ ಅಳಿಸುವ ಸಾಲು ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಒಂಬತ್ತನೇ ದಿನ ಒಳ್ಳೆಯ ಪ್ರತಿ ಒಂದೂ ಉಳಿದಿರುವುದಿಲ್ಲ. ಇವತ್ತಿನ ಪ್ರತಿ ಸರಿಯಾಗಿ ಬಂದು ಸೇರಿದೆ ಎಂದು ಖಾತರಿಯಾದ ಮೇಲೆಯೇ ಹಳೆಯದರ ತಂಟೆಗೆ ಹೋಗಬೇಕು.

ಅಳಿಸುವ ಸಾಲು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕ್ಯೋಟೋ ವಿಶ್ವವಿದ್ಯಾಲಯ ಸಾಕ್ಷಿ. 2021ರ ಡಿಸೆಂಬರ್ 14ರಿಂದ 16ರವರೆಗೆ ಅಲ್ಲಿನ ಸೂಪರ್‌ಕಂಪ್ಯೂಟರ್‌ನ ಸಂಗ್ರಹದಿಂದ 77 ಟಿಬಿಯಷ್ಟು, ಸುಮಾರು 3 ಕೋಟಿ 40 ಲಕ್ಷ ಫೈಲುಗಳು ಅಳಿದುಹೋದವು. 14 ಸಂಶೋಧನಾ ತಂಡಗಳ ಕೆಲಸ ಅದು. ನಾಲ್ಕು ತಂಡಗಳದ್ದು ಮರಳಿ ಸಿಗುವಂತಿರಲಿಲ್ಲ. ಅಳಿಸಿದ್ದು ಬ್ಯಾಕಪ್ ಸ್ಕ್ರಿಪ್ಟೇ. ಹತ್ತು ದಿನಕ್ಕಿಂತ ಹಳೆಯ ಲಾಗ್ ಫೈಲುಗಳನ್ನು ತೆಗೆಯುವ ಭಾಗವೊಂದು ಅದರಲ್ಲಿತ್ತು. ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಎಚ್‌ಪಿಇ ಕಂಪನಿಯವರು ಓದಲು ಸುಲಭವಾಗಲೆಂದು ಸ್ಕ್ರಿಪ್ಟಿನಲ್ಲಿನ ವೇರಿಯಬಲ್ ಹೆಸರುಗಳನ್ನು ಬದಲಿಸಿ, ಹಳೆಯದು ಇನ್ನೂ ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಬರೆದರು. ಬ್ಯಾಷ್ ಇಡೀ ಸ್ಕ್ರಿಪ್ಟನ್ನು ಮೊದಲೇ ಓದಿಕೊಳ್ಳುವುದಿಲ್ಲ, ಓಡುತ್ತ ಓಡುತ್ತ ಮುಂದಿನದನ್ನು ಓದುತ್ತದೆ. ನಡುದಾರಿಯಲ್ಲಿ ಹೊಸ ಸಾಲು ಬಂತು, ಅದರಲ್ಲಿದ್ದ ವೇರಿಯಬಲ್‌ಗೆ ಬೆಲೆಯೇ ಇರಲಿಲ್ಲ. ಲಾಗ್ ಫೋಲ್ಡರ್‌ನ ವಿಳಾಸ ಇರಬೇಕಾದ ಜಾಗ ಖಾಲಿ. ಅಳಿಸುವ ಕಮಾಂಡ್ ಲಾಗ್‌ಗಳನ್ನು ಬಿಟ್ಟು ಸಂಶೋಧಕರ ಫೈಲುಗಳ ಮೇಲೆಯೇ ಹರಿಯಿತು. ಹೊಣೆ ಪೂರ್ತಿ ತಮ್ಮದೆಂದು ಕಂಪನಿ ಒಪ್ಪಿಕೊಂಡಿತು.

ಬೆಲೆಯಿಲ್ಲದ ವೇರಿಯಬಲ್ ಎದುರಾದರೆ ಅಲ್ಲೇ ನಿಲ್ಲು ಎನ್ನುವ ‘ನೋಅನ್‌ಸೆಟ್’ ಆಯ್ಕೆ ಬ್ಯಾಷ್‌ನಲ್ಲಿದೆ, ಅದೂ ಒಂದೇ ಸಾಲು. ಸ್ಕ್ರಿಪ್ಟ್ ಬದಲಿಸುವಾಗ ಓಡುತ್ತಿರುವ ಫೈಲಿಗೆ ಕೈಹಚ್ಚದೆ, ಪಕ್ಕದಲ್ಲಿ ಹೊಸ ಫೈಲ್ ಬರೆದು ಕೊನೆಗೆ ಹೆಸರು ಬದಲಿಸಿದರೆ ಹಳೆಯದು ತನ್ನ ಓಟವನ್ನು ಹಳೆಯದಾಗಿಯೇ ಮುಗಿಸುತ್ತದೆ.

ಪ್ರತಿ ಎಲ್ಲಿರಬೇಕು ಎಂಬುದಕ್ಕೆ ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಪ್ರಚಾರಕ್ಕೆ ತಂದ 3-2-1 ಸೂತ್ರ ಇವತ್ತಿಗೂ ಸಾಲುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಆವರಣದ ಹೊರಗೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಹೊರರೋಗಿಗಳ ಚೀಟಿಯಿಂದ ಹಿಡಿದು ಪ್ರಯೋಗಾಲಯದ ವರದಿಯವರೆಗೆ ದಿನಗಟ್ಟಲೆ ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಯಿತು. ಕೊನೆಗೆ ಆಸ್ಪತ್ರೆಯ ಇ-ಹಾಸ್ಪಿಟಲ್ ತಂತ್ರಾಂಶದ ಮಾಹಿತಿ ಮರಳಿ ಸಿಕ್ಕಿದ್ದು ದಾಳಿಗೆ ಸಿಗದೆ ಉಳಿದಿದ್ದ ಬ್ಯಾಕಪ್ ಸರ್ವರ್‌ನಿಂದ. ಸದಾ ಸಿಕ್ಕಿಸಿಯೇ ಇಟ್ಟ ಯುಎಸ್‌ಬಿ ಡಿಸ್ಕಿನಲ್ಲಿ ಪ್ರತಿ ಇಡುವವರು ಇದನ್ನು ಗಮನಿಸಬೇಕು: ಸರ್ವರ್‌ನೊಳಗೆ ಬಂದವನಿಗೆ ಆ ಡಿಸ್ಕೂ ಸಿಗುತ್ತದೆ. ಸರ್ವರ್ ತಾನೇ ಪ್ರತಿಯನ್ನು ಕಳಿಸುವುದರ ಬದಲು ಬೇರೊಂದು ಯಂತ್ರ ಬಂದು ಆರ್‌ಸಿಂಕ್ ಎಂಬ ನಕಲು ಸಾಧನದಿಂದ ಎಳೆದುಕೊಂಡು ಹೋಗುವಂತೆ ಮಾಡಿದರೆ, ಪ್ರತಿ ಇರುವ ಮನೆಯ ಕೀಲಿ ಸರ್ವರ್‌ನ ಕೈಯಲ್ಲಿ ಇರುವುದೇ ಇಲ್ಲ. ಲೆಕ್ಕಪತ್ರವನ್ನು ಕಂಪ್ಯೂಟರಿನಲ್ಲಿ ಇಡುವ ಕಂಪನಿಗಳು ಭಾರತದೊಳಗಿನ ಸರ್ವರ್‌ನಲ್ಲಿ ದಿನವೂ ಬ್ಯಾಕಪ್ ಇಡಬೇಕೆಂದು 2022ರ ತಿದ್ದುಪಡಿಯಿಂದ ನಿಯಮವೇ ಇದೆ. ಗ್ರಂಥಾಲಯಕ್ಕೆ ಅಂಥ ನಿಯಮ ಅನ್ವಯಿಸದು, ಆದರೆ ಅಲ್ಲಿಯೂ ವಿದ್ಯಾರ್ಥಿಗಳ ಫೋನ್ ನಂಬರ್, ವಿಳಾಸ ಇರುತ್ತವೆ. ಹೊರಗೆ ಹೋಗುವ ಪ್ರತಿಯನ್ನು ಗೂಢಲಿಪಿಗೆ ಹಾಕಿಯೇ ಕಳಿಸಬೇಕು. ಬಿಡಿಸುವ ಕೀಲಿಯನ್ನು ಅದೇ ಸರ್ವರ್‌ನಲ್ಲಿ ಮಾತ್ರ ಇಟ್ಟರೆ ಸರ್ವರ್ ಹೋದ ದಿನ ಕೀಲಿಯೂ ಹೋಗುತ್ತದೆ.

ಇಷ್ಟು ಮಾಡಿದ ಮೇಲೂ ಅರ್ಧ ಕೆಲಸವಷ್ಟೇ ಆಗಿರುತ್ತದೆ. ರೈತ ಉಳಿಸಿಟ್ಟ ಬಿತ್ತನೆ ಬೀಜವನ್ನು ನಂಬಿ ನೇರ ಹೊಲಕ್ಕೆ ಹೋಗುವುದಿಲ್ಲ. ಒಂದು ಹಿಡಿ ಕಾಳನ್ನು ಒದ್ದೆ ಗೋಣಿಯಲ್ಲಿ ಕಟ್ಟಿಟ್ಟು ಮೊಳಕೆ ಎಣಿಸುತ್ತಾನೆ. ಬ್ಯಾಕಪ್‌ಗೂ ಮೊಳಕೆ ಪರೀಕ್ಷೆ ಬೇಕು, ಅದನ್ನೂ ಸ್ಕ್ರಿಪ್ಟಿಗೇ ಒಪ್ಪಿಸಬಹುದು. ವಾರಕ್ಕೊಮ್ಮೆ ಬೇರೆ ಯಂತ್ರದಲ್ಲಿ ಖಾಲಿ ಡೇಟಾಬೇಸ್ ಒಂದನ್ನು ತೆರೆದು ಹೊಸ ಪ್ರತಿಯನ್ನು ಅದಕ್ಕೆ ತುಂಬಿಸಿ, ಪುಸ್ತಕಗಳೆಷ್ಟು, ಸದಸ್ಯರೆಷ್ಟು ಎಂದು ಎಣಿಸಬೇಕು. ನಿನ್ನೆ ಇಶ್ಯೂ ಆದ ಒಂದು ಪುಸ್ತಕ ಅಲ್ಲಿದೆಯೇ ನೋಡಬೇಕು. ಒಂದು ಕನ್ನಡ ಶೀರ್ಷಿಕೆಯನ್ನು ಹುಡುಕಿ ಅಕ್ಷರ ಅಕ್ಷರವೂ ತಾಳೆಯಾಗುತ್ತದೆಯೇ ಪರೀಕ್ಷಿಸಬೇಕು. ಇಷ್ಟಾದರೆ ಮಾತ್ರ ‘ಸರಿಯಿದೆ’ ಎಂಬ ಸಂದೇಶ ಹೊರಡಲಿ. ಆ ಸಂದೇಶ ನಿಗದಿತ ಹೊತ್ತಿಗೆ ಬಾರದಿದ್ದರೆ ಗಂಟೆ ಬಾರಿಸುವ ಕೆಲಸ ಮೂರನೆಯ ಕಡೆಯದ್ದಾಗಬೇಕು. ಕೆಟ್ಟಾಗ ಸುದ್ದಿ ಕಳಿಸುವ ಏರ್ಪಾಡನ್ನಷ್ಟೇ ನಂಬಿದರೆ ಗಿಟ್‌ಲ್ಯಾಬ್‌ಗೆ ಆದದ್ದೇ ನಮಗೂ ಆಗುತ್ತದೆ, ಏಕೆಂದರೆ ಸತ್ತ ಯಂತ್ರ ಇಮೇಲ್ ಬರೆಯುವುದಿಲ್ಲ.

ಪರೀಕ್ಷೆಗೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ಬರೆದಿಡಬೇಕು. ಗಿಟ್‌ಲ್ಯಾಬ್‌ನವರ ಕೈಯಲ್ಲಿ ಒಳ್ಳೆಯ ಪ್ರತಿ ಸಿಕ್ಕಿದ ಮೇಲೂ ಅದಿದ್ದ ಪರೀಕ್ಷಾ ಸರ್ವರ್‌ನ ಡಿಸ್ಕ್ ನಿಧಾನವಾದ್ದರಿಂದ ನಕಲು ಮಾಡುವುದರಲ್ಲೇ ಗಂಟೆಗಟ್ಟಲೆ ಕಳೆಯಿತು, ಸೈಟ್ ಮರಳಿ ಬಂದದ್ದು ಮರುದಿನ ಸಂಜೆ. ಗ್ರಂಥಾಲಯದ ಡೇಟಾಬೇಸ್‌ಗೆ ಅಷ್ಟು ಹೊತ್ತು ಬೇಡ. ಆದರೂ ಪರೀಕ್ಷೆಗಳ ಮುನ್ನಾದಿನ ನೋ ಡ್ಯೂಗಾಗಿ ಹುಡುಗರು ಕೌಂಟರ್ ಮುಂದೆ ಸಾಲು ನಿಂತಾಗ, ‘ಹನ್ನೊಂದೂವರೆಗೆ ಬನ್ನಿ, ಆಗಿರುತ್ತೆ’ ಎಂದು ಖಚಿತವಾಗಿ ಹೇಳಬಲ್ಲವರು ಒಮ್ಮೆ ಮಾಡಿ ನೋಡಿದವರು ಮಾತ್ರ.

ಗಿಟ್‌ಲ್ಯಾಬ್‌ನ ವರದಿಯಲ್ಲಿ ಯಾಕೆ, ಯಾಕೆ ಎಂದು ಕೇಳುತ್ತ ಹೋದ ಪ್ರಶ್ನೆಗಳ ಸರಣಿಯಿದೆ. ಬ್ಯಾಕಪ್‌ಗಳನ್ನು ಯಾಕೆ ಆಗಾಗ ಪರೀಕ್ಷಿಸಲಿಲ್ಲ ಎಂಬಲ್ಲಿಗೆ ಬಂದಾಗ ಸಿಕ್ಕ ಉತ್ತರ, ಅದು ಯಾರ ಹೊಣೆಯೂ ಆಗಿರಲಿಲ್ಲ ಎಂಬುದು. ನಮ್ಮಲ್ಲಿ ಇದು ಇನ್ನೂ ಸೂಕ್ಷ್ಮ. ಗುತ್ತಿಗೆಯ ಮೇಲೆ ಬಂದ ಕಂಪ್ಯೂಟರ್ ಸಹಾಯಕ ಆಸಕ್ತಿಯಿಂದ ಸ್ಕ್ರಿಪ್ಟ್ ಬರೆದು ತನ್ನ ಹೆಸರಿನ ಖಾತೆಯ ಕ್ರಾನ್‌ನಲ್ಲಿ ಇಟ್ಟಿರುತ್ತಾನೆ. ಎರಡು ವರ್ಷದ ಮೇಲೆ ಬೇರೆ ಕೆಲಸ ಸಿಕ್ಕಿ ಹೋಗುತ್ತಾನೆ. ಭದ್ರತೆಯ ದೃಷ್ಟಿಯಿಂದ ಅವನ ಖಾತೆಯನ್ನು ಅಳಿಸುತ್ತಾರೆ, ಅದು ಸರಿಯೇ. ಡೆಬಿಯನ್‌ನಲ್ಲಿ ಖಾತೆ ಅಳಿಸುವ ಕಮಾಂಡ್ ಆ ಖಾತೆಯ ಕ್ರಾನ್‌ಟ್ಯಾಬನ್ನೂ ಜೊತೆಗೇ ಅಳಿಸುತ್ತದೆ. ಅವತ್ತಿನ ರಾತ್ರಿಯಿಂದ ಬ್ಯಾಕಪ್ ಇಲ್ಲ. ಸ್ಕ್ರಿಪ್ಟ್ ಇರಬೇಕಾದದ್ದು ವ್ಯವಸ್ಥೆಯ ಸಾಮಾನ್ಯ ಫೋಲ್ಡರ್‌ನಲ್ಲಿ, ಓಡಬೇಕಾದದ್ದು ಆ ಕೆಲಸಕ್ಕೆಂದೇ ತೆರೆದ ಖಾತೆಯಲ್ಲಿ. ಅದರ ವಿವರ ಗ್ರಂಥಪಾಲಕರ ಕಡತದಲ್ಲಿ, ಕಾಗದದ ಮೇಲೆ, ಕನ್ನಡದಲ್ಲಿ ಇರಬೇಕು: ಪ್ರತಿ ಎಲ್ಲಿದೆ, ಗೂಢಲಿಪಿಯ ಕೀಲಿ ಯಾರ ಬಳಿ ಇದೆ, ಮರಳಿ ತುಂಬಿಸುವ ಕಮಾಂಡ್ ಯಾವುದು, ಕಳೆದ ಸಲ ತುಂಬಿಸಿ ನೋಡಿದ್ದು ಯಾವ ತಾರೀಕು, ನೋಡಿದವರ ಹೆಸರೇನು. ವರ್ಷದ ಕೊನೆಗೆ ಸ್ಟಾಕ್ ವೆರಿಫಿಕೇಶನ್ ಮಾಡಿ ಪುಸ್ತಕಗಳನ್ನು ಎಣಿಸುವ ಪದ್ಧತಿ ನಮ್ಮ ಗ್ರಂಥಾಲಯಗಳಲ್ಲಿ ಮೊದಲಿನಿಂದಲೂ ಇದೆ. ಆ ವರದಿಗೆ ಪ್ರಾಂಶುಪಾಲರು ಸಹಿ ಹಾಕುವ ಹಾಳೆಯಲ್ಲೇ ಬ್ಯಾಕಪ್ ಪರೀಕ್ಷೆಗೂ ಒಂದು ಕಾಲಂ ಸೇರಿಸಿದರೆ ಹೊಸ ಸಮಿತಿಯೂ ಬೇಡ, ಹೊಸ ಸುತ್ತೋಲೆಯೂ ಬೇಡ.